ಮಂಗಳನ ಅಂಗಳದಲ್ಲಿ ಕಂಪನಿಗೇನು ಕೆಲಸ?

ಶಿರ್ವದ ಮಂಚಕಲ್ ಪೇಟೆಯಿಂದ ಮುದರಂಗಡಿ ದಾರಿ ಹಿಡಿದು ಹೋದರೆ ಅದಮಾರು. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಊರು. ಉಡುಪಿ ರಾಮಚಂದ್ರ ರಾವ್, ಅಂದರೆ ಯು.ಆರ್. ರಾವ್, 1932ರ ಮಾರ್ಚ್ 10ರಂದು ಹುಟ್ಟಿದ್ದು ಇಲ್ಲಿ. ಮಂಗಳಯಾನಕ್ಕೆ ಖಾಸಗಿಯವರು ಕೈಹಾಕಬಹುದೇ ಎಂಬ ಮಾತು ಬಂದಾಗಲೆಲ್ಲ ಜನ ಎಲಾನ್ ಮಸ್ಕ್ ಹೆಸರು ಎತ್ತುತ್ತಾರೆ. ನಮ್ಮ ಕಡೆಯವರಾದರೂ ಮೊದಲು ರಾವ್ ಅವರ ಹೆಸರು ಎತ್ತಬೇಕು. ಸರಕಾರಿ ಉಪಗ್ರಹಕ್ಕೆ ಅಡಿಪಾಯ ಹಾಕಿದವರೂ ಅವರೇ, ಇಸ್ರೊದ ಸರಕನ್ನು ಮಾರುಕಟ್ಟೆಗೆ ಇಳಿಸಿದ ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ.

ಆ ಅಡಿಪಾಯದ ಜಾಗ ಬೆಂಗಳೂರಿನ ಪೀಣ್ಯ. 1972ರಲ್ಲಿ ಅಲ್ಲಿನ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್‌ಗಳಲ್ಲಿ ಕೆಲಸ ಶುರುವಾಯಿತು. ಉಪಗ್ರಹ ಕಟ್ಟಿದ ಅನುಭವ ತಂಡದಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಜಾಗ ಸಾಲದೆ ಒಂದು ಶೌಚಾಲಯವನ್ನೇ ದತ್ತಾಂಶ ಸ್ವೀಕರಿಸುವ ಕೋಣೆಯಾಗಿ ಮಾಡಿಕೊಂಡರು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿತು. ವಿದ್ಯುತ್ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಆದರೂ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದು ಬಹುಕಾಲ ಹಾರಾಡಿತು. ಲಾಭ ನಷ್ಟದ ಲೆಕ್ಕ ಹಿಡಿದಿದ್ದರೆ ಎರಡನೆಯ ಉಪಗ್ರಹ ಆಗುತ್ತಲೇ ಇರಲಿಲ್ಲ.

ಇದೇ ರಾವ್ 1984ರಿಂದ 1994ರವರೆಗೆ ಇಸ್ರೊ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲೇ, 1992ರಲ್ಲಿ, ಮೊದಲು ಹೇಳಿದ ಆ ಮಾರಾಟ ಸಂಸ್ಥೆ ಆಂಟ್ರಿಕ್ಸ್ ಹುಟ್ಟಿತು. ಬಂಡವಾಳ ಸರಕಾರದ್ದು, ಕೆಲಸ ವ್ಯಾಪಾರದ್ದು. 1999ರ ಮೇ 26ರಂದು ಪಿಎಸ್‌ಎಲ್‌ವಿ ನಮ್ಮ ಓಶನ್‌ಸ್ಯಾಟ್ ಜೊತೆ ಕೊರಿಯಾ ಮತ್ತು ಜರ್ಮನಿಯ ಒಂದೊಂದು ಪುಟ್ಟ ಉಪಗ್ರಹವನ್ನೂ ಹೊತ್ತೊಯ್ದಾಗ ಅಂತರಿಕ್ಷವೂ ಬಾಡಿಗೆ ತರುವ ಕಸುಬಾಯಿತು. ಅಷ್ಟರಲ್ಲಿ ಗೋದ್ರೆಜ್, ಎಲ್ ಆ್ಯಂಡ್ ಟಿ ಮುಂತಾದ ಖಾಸಗಿ ಕಾರ್ಖಾನೆಗಳು ರಾಕೆಟ್ಟಿನ ಬಿಡಿಭಾಗ ಮಾಡಿಕೊಡುತ್ತಲೇ ಇದ್ದವು. ಆದ್ದರಿಂದ ಖಾಸಗಿಯವರು ಬರಬಹುದೇ ಎಂಬ ಪ್ರಶ್ನೆ ಹಳತು. ಅವರು ಎಂದೋ ಬಂದಾಗಿದೆ. ಎಲ್ಲಿಗೆ ಹೋಗುವುದು, ಯಾಕೆ ಹೋಗುವುದು ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಸರಕಾರದ ಕೈಯಲ್ಲಿತ್ತು.

ಮಂಗಳಯಾನವನ್ನೇ ನೋಡಿ. ಅದರ ಉಪಕರಣಗಳನ್ನು ಆಯ್ದ ಸಲಹಾ ಸಮಿತಿಗೆ ಎಂಬತ್ತು ದಾಟಿದ ರಾವ್ ಅವರೇ ಅಧ್ಯಕ್ಷರು. ಖರ್ಚು ಸುಮಾರು 450 ಕೋಟಿ ರೂಪಾಯಿ. ಉಪಕರಣಗಳು ಐದು, ಎಲ್ಲ ಸೇರಿ ತೂಕ 15 ಕಿಲೋದ ಆಸುಪಾಸು. 2013ರ ನವೆಂಬರ್ 5ರಂದು ಹೊರಟ ನೌಕೆಯನ್ನು ನೇರ ಮಂಗಳದತ್ತ ಎಸೆಯುವ ಶಕ್ತಿ ಪಿಎಸ್‌ಎಲ್‌ವಿಗೆ ಇರಲಿಲ್ಲ. ಭೂಮಿಯನ್ನೇ ಸುತ್ತಿಸಿ ಸುತ್ತಿಸಿ, ಕಕ್ಷೆ ಹಿಗ್ಗಿಸಿ, ಡಿಸೆಂಬರ್ 1ರ ನಸುಕಿನಲ್ಲಿ ಆಚೆ ತಳ್ಳಿದರು. ಆಮೇಲೆ ಮುಖ್ಯ ಎಂಜಿನ್ ಸುಮಾರು ಮುನ್ನೂರು ದಿನ ಸುಮ್ಮನೆ ಮಲಗಿತು. ಎದ್ದೀತೇ ಎಂದು ನೋಡಲು 2014ರ ಸೆಪ್ಟೆಂಬರ್ 22ರಂದು ನಾಲ್ಕೇ ನಾಲ್ಕು ಸೆಕೆಂಡು ಉರಿಸಿದರು. ಎದ್ದಿತು. ಎರಡು ದಿನ ಬಿಟ್ಟು ನೌಕೆ ಮಂಗಳನ ಕಕ್ಷೆ ಸೇರಿತು. ಆರು ತಿಂಗಳಿಗೆಂದು ಮಾಡಿದ್ದು 2022ರವರೆಗೆ ಬಾಳಿತು. ಅಗ್ಗದ ಯಾನ ಎಂದು ಲೋಕವೆಲ್ಲ ಕೊಂಡಾಡಿತಲ್ಲ, ಅದರ ಗುಟ್ಟಿನಲ್ಲಿ ದೊಡ್ಡ ಪಾಲು ಇದು: ರಾಕೆಟ್, ಕೇಂದ್ರಗಳು, ಪಳಗಿದ ಕೈಗಳು ಎಲ್ಲವನ್ನೂ ಸರಕಾರ ನಾಲ್ಕು ದಶಕಗಳಿಂದ ಸಾಕಿಕೊಂಡು ಬಂದಿತ್ತು.

ಹಾಗೆ ಸಾಕುವವರು ಇಲ್ಲದಿದ್ದರೆ? ಬೆಂಗಳೂರಿನ ಟೀಮ್ ಇಂಡಸ್ ಕತೆ ಇದೆ. ಗೂಗಲ್ ಪ್ರಾಯೋಜಿಸಿದ ಚಂದ್ರಯಾನ ಸ್ಪರ್ಧೆಗೆ ಇಳಿದ ಈ ಖಾಸಗಿ ತಂಡಕ್ಕೆ 2015ರಲ್ಲಿ ಇಳಿಯುವ ತಂತ್ರಕ್ಕಾಗಿ ಹತ್ತು ಲಕ್ಷ ಡಾಲರ್ ಬಹುಮಾನವೂ ಸಿಕ್ಕಿತ್ತು. ರಾಕೆಟ್ಟಿಗಾಗಿ ಆಂಟ್ರಿಕ್ಸ್ ಜೊತೆ ಒಪ್ಪಂದವಾಯಿತು. ದುಡ್ಡು ಹೊಂದಲಿಲ್ಲ, 2018ರ ಆರಂಭದಲ್ಲಿ ಒಪ್ಪಂದ ಮುರಿಯಿತು. ಮಂಗಳನಲ್ಲಿ ಊರು ಕಟ್ಟುತ್ತೇವೆ ಎಂದು ಜನರಿಂದ ಅರ್ಜಿ ಶುಲ್ಕ ವಸೂಲು ಮಾಡಿದ ಡಚ್ಚರ ಮಾರ್ಸ್ ಒನ್ 2019ರಲ್ಲಿ ದಿವಾಳಿಯಾಯಿತು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಬೆಂಗಳೂರಿನ ಹುಡುಗರು ಯಂತ್ರ ಕಟ್ಟಿದ್ದರು. ಅವರು ಬರೀ ಬಾಯಿಮಾತಿನವರಲ್ಲ. ಮಸ್ಕ್ ಅವರ ಸ್ಪೇಸ್‌ಎಕ್ಸ್ ಕೂಡ 2018ಕ್ಕೇ ಮಂಗಳನ ಮೇಲೆ ಇಳಿಯುವುದಾಗಿ 2016ರಲ್ಲಿ ಹೇಳಿತ್ತು. ಮರುವರ್ಷ ಆ ಯೋಜನೆ ಬಿಟ್ಟಿತು.

ನನಗೆ ಒಪ್ಪಿಗೆಯಾಗುವ ಮಾದರಿ ಬೇರೆ. 2025ರ ನವೆಂಬರಿನಲ್ಲಿ ಮಂಗಳನನ್ನು ಸುತ್ತಲು ಹೊರಟ ಎಸ್ಕಪೇಡ್ ಎಂಬ ಜೋಡಿ ನೌಕೆಗಳನ್ನು ಕಟ್ಟಿದ್ದು ರಾಕೆಟ್ ಲ್ಯಾಬ್, ಹಾರಿಸಿದ್ದು ಬ್ಲೂ ಒರಿಜಿನ್. ಎರಡೂ ಖಾಸಗಿ. ಯಾನ ಮಾತ್ರ ನಾಸಾದ್ದು, ಮಂಗಳನ ವಾಯುಮಂಡಲದ ಬಗ್ಗೆ ಪ್ರಶ್ನೆ ಕೇಳುವವರು ಬರ್ಕ್ಲಿ ವಿಶ್ವವಿದ್ಯಾಲಯದವರು.

ಸುತ್ತುವುದು ಒಂದು, ಇಳಿಯುವುದು ಇನ್ನೊಂದು. ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ಮಾರ್ಸ್ ರೋವರ್ ತಂಡ ಅಮೆರಿಕದ ಯೂಟಾ ಮರುಭೂಮಿಯ ಸ್ಪರ್ಧೆಗೆ ಹೋಗುತ್ತದೆ. ಮಣ್ಣು ಅಗೆದು ಜೀವದ ಕುರುಹು ಇದೆಯೇ ಎಂದು ಹುಡುಕುವುದು ಅಲ್ಲಿನ ಪರೀಕ್ಷೆಗಳಲ್ಲೊಂದು. ನಿಜವಾದ ಮಂಗಳನಲ್ಲಿ ಅಗೆಯುವ ಹೊತ್ತಿಗೆ ಯಾವುದೋ ಕಂಪನಿ ಭೂಮಿಯ ಸೂಕ್ಷ್ಮಜೀವಿಗಳನ್ನು ಚೆಲ್ಲಿ ಬಂದಿದ್ದರೆ, ಸಿಕ್ಕ ಜೀವ ಯಾರದ್ದೆಂದು ಹೇಳುವುದು? ಇದು ಬರೀ ಊಹೆಯಲ್ಲ. 2019ರ ಏಪ್ರಿಲಿನಲ್ಲಿ ಚಂದ್ರನಿಗೆ ಅಪ್ಪಳಿಸಿದ ಇಸ್ರೇಲಿನ ಖಾಸಗಿ ನೌಕೆ ಬೆರೆಶೀಟ್‌ನಲ್ಲಿ ಒಂದು ಅಮೆರಿಕನ್ ಸಂಸ್ಥೆ ಯಾರಿಗೂ ಹೇಳದೆ ಟಾರ್ಡಿಗ್ರೇಡ್ ಎಂಬ ಗಟ್ಟಿಜೀವಿಗಳನ್ನು ಇಟ್ಟು ಕಳಿಸಿತ್ತು. ಸುದ್ದಿ ಹೊರಬಿದ್ದದ್ದು ಅಪ್ಪಳಿಸಿದ ಮೇಲೆ. ಖಾಸಗಿಯವರು ಏನು ಮಾಡಿದರೂ ಹೊಣೆ ಅವರ ದೇಶದ್ದು ಎಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ, ಅನ್ಯಗ್ರಹಗಳನ್ನು ಕೆಡಿಸಬಾರದು ಎಂದೂ ಹೇಳುತ್ತದೆ. ಪೆಟ್ಟಿಗೆ ಬಿಚ್ಚಿ ನೋಡುವವರು ಯಾರು ಎಂಬುದನ್ನು ಮಾತ್ರ ಆಯಾ ದೇಶಕ್ಕೇ ಬಿಟ್ಟಿದೆ.

ಕಂಪನಿ ಕೆಡಿಸಿದ ಮೇಲೆ ಏನಾಗುತ್ತದೆ ಎಂಬುದು ಈ ಭಾಗದವರಿಗೆ ಹೊಸತಲ್ಲ. ಅದಮಾರಿನ ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವಾಟಿನ ಖಾಸಗಿ ಉಷ್ಣ ವಿದ್ಯುತ್ ಸ್ಥಾವರ ಇದೆ. ಹಾರುಬೂದಿ, ಬಾವಿಗಿಳಿದ ಉಪ್ಪುನೀರಿನ ಬಗ್ಗೆ ವರ್ಷಗಟ್ಟಲೆ ಹೋರಾಟ ನಡೆದ ಮೇಲೆ 2022ರಲ್ಲಿ ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಇಲ್ಲಿ ದೂರು ಕೊಡಲು ಊರಿನವರಿದ್ದರು. ಮಂಗಳನಲ್ಲಿ ಯಾರಿದ್ದಾರೆ?

ನಮ್ಮ 2023ರ ಬಾಹ್ಯಾಕಾಶ ನೀತಿ ಖಾಸಗಿಯವರು ಕ್ಷುದ್ರಗ್ರಹದಿಂದ, ಅಂತರಿಕ್ಷದಿಂದ ತಂದ ಸಂಪತ್ತನ್ನು ಇಟ್ಟುಕೊಳ್ಳಬಹುದು, ಮಾರಲೂಬಹುದು ಎನ್ನುತ್ತದೆ. ಪರವಾನಿಗೆ ಕೊಡಲು ಇನ್‌ಸ್ಪೇಸ್ ಇದೆ. ಆದರೆ 2017ರಲ್ಲೇ ಕರಡು ಹೊರಬಂದ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ ಇನ್ನೂ ಕಾಯಿದೆಯಾಗಿಲ್ಲ. ಮಾರುವ ಹಕ್ಕು ಮೊದಲು ಬಂತು, ಕೆಡಿಸಿದರೆ ದಂಡವೆಷ್ಟು ಎಂಬುದು ಹಿಂದೆ ಉಳಿಯಿತು. ಆ ಕಾಯಿದೆ ಬರುವವರೆಗೆ ನಮ್ಮ ಕಂಪನಿಗಳು ಬೇಕಾದಷ್ಟು ಸಲ ಮಂಗಳನನ್ನು ಸುತ್ತಲಿ, ಫೋಟೊ ತೆಗೆಯಲಿ, ಅದನ್ನು ಮಾರಿ ದುಡ್ಡೂ ಮಾಡಲಿ. ಇಳಿಯುವ ಅರ್ಜಿ ಬಂದರೆ ಸದ್ಯಕ್ಕೆ ಇನ್‌ಸ್ಪೇಸ್ ಅದನ್ನು ವಾಪಸು ಕಳಿಸಬೇಕು.