ಕೊಲ್ಲಾಪುರದ ಪಕ್ಕದ ಪೋಲೆಂಡ್

ನಮ್ಮ ಅನ್ನಪೂರ್ಣೇಶ್ವರಿ ನಗರದಿಂದ ಕೊಲ್ಲಾಪುರದ ಮಹಾಲಕ್ಷ್ಮಿ ದರ್ಶನಕ್ಕೆ ಹೊರಟವರು ತುಮಕೂರು ರಸ್ತೆ ಹಿಡಿದು ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ ದಾಟಿ ಹೋಗುತ್ತಾರೆ. ದೇವಿಗೆ ಉಡಿ ತುಂಬಿ, ಒಂದು ಜೊತೆ ಚಪ್ಪಲಿ ಕೊಂಡು ವಾಪಸಾಗುತ್ತಾರೆ. ಆ ಊರಿಗೆ ಅಂಟಿಕೊಂಡಂತಿರುವ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ಜನ ಬಾಳಿದ್ದರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಪೋಲೆಂಡ್ ಎಲ್ಲಿ, ಕೊಲ್ಲಾಪುರ ಎಲ್ಲಿ ಅಂತೀರಾ? ಹೇಳುತ್ತೇನೆ ಕೇಳಿ, ಮಕ್ಕಳೇ.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪಶ್ಚಿಮದಿಂದ ಪೋಲೆಂಡಿನ ಮೇಲೆ ಬಿತ್ತು. 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. ಇಬ್ಬರ ನಡುವೆ ಸಿಕ್ಕಿ ದೇಶವೇ ಕೈತಪ್ಪಿತು. ಆದರೆ ಅದರ ಸೈನಿಕರು ಸೋಲೊಪ್ಪಲಿಲ್ಲ.

ಒಂದು ಗುಂಪಿನ ನಾಯಕ ಸ್ಟಾನಿಸ್ವಾವ್ ಮಾಚೆಕ್. ಹಂಗೇರಿ, ಫ್ರಾನ್ಸ್ ಸುತ್ತಿ ಸ್ಕಾಟ್ಲೆಂಡ್ ಸೇರಿದ ಈತ 1942ರ ಫೆಬ್ರವರಿಯಲ್ಲಿ ಅಲ್ಲಿ ಪೋಲೆಂಡಿನ ಒಂದನೇ ಟ್ಯಾಂಕ್ ಡಿವಿಷನ್ ಕಟ್ಟಿದ. 1944ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಫಲೇಸ್ ಬಳಿ ತಪ್ಪಿಸಿಕೊಂಡು ಓಡುತ್ತಿದ್ದ ಜರ್ಮನ್ ಸೇನೆಗೆ ಅಡ್ಡ ನಿಂತದ್ದು ಈ ಪಡೆಯೇ. ಮದ್ದುಗುಂಡು ಮುಗಿಯುತ್ತ ಬಂದರೂ ಒಂದು ಗುಡ್ಡವನ್ನು ಬಿಡದೆ ಹಿಡಿದುಕೊಂಡಿತು. ಅಕ್ಟೋಬರ್ 29ರಂದು ಹಾಲೆಂಡಿನ ಬ್ರೇಡಾ ಪಟ್ಟಣವನ್ನು ಬಿಡಿಸಿತು. ಊರಿನವರು ಕಿಟಕಿಗಳಲ್ಲಿ ಪೋಲಿಷ್ ಭಾಷೆಯಲ್ಲೇ ಧನ್ಯವಾದದ ಹಾಳೆಗಳನ್ನು ಅಂಟಿಸಿದರು.

ಇನ್ನೊಂದು ಗುಂಪಿನ ಪಾಡು ಬೇರೆ. ಪೂರ್ವ ಪೋಲೆಂಡಿನ ಲಕ್ಷಾಂತರ ಮಂದಿಯನ್ನು ಸೋವಿಯತ್ ಸರ್ಕಾರ ಮನೆ ಬಿಡಿಸಿ ಸೈಬೀರಿಯಾ, ಕಜಕಸ್ತಾನಗಳಿಗೆ ಸಾಗಿಸಿತ್ತು. 1941ರಲ್ಲಿ ಜರ್ಮನಿ ಸೋವಿಯತ್ ಮೇಲೆಯೇ ದಾಳಿ ಮಾಡಿದಾಗ ಅವರಿಗೆ ಬಿಡುಗಡೆಯಾಯಿತು. ಜನರಲ್ ಆಂಡರ್ಸ್ ಅವರಿಂದಲೇ ಸೇನೆ ಕಟ್ಟಿ 1942ರಲ್ಲಿ ಇರಾನ್‌ಗೆ ಕರೆತಂದ. ಸೈನಿಕರು ಮುಂದೆ ಇಟಲಿಗೆ ಹೋದರು. ನಮ್ಮ ಭಾರತೀಯ ಸೈನಿಕರೂ ಹೋರಾಡಿದ್ದ ಮಾಂಟೆ ಕಸಿನೊದಲ್ಲಿ 1944ರ ಮೇ 18ರಂದು ಮಠದ ಮೇಲೆ ಬಾವುಟ ಹಾರಿಸಿದ್ದು ಅವರೇ. ಅವರ ತಾಯಿ, ಹೆಂಡತಿ, ಮಕ್ಕಳು ಯುದ್ಧಕ್ಕೆ ಹೋಗುವ ಹಾಗಿರಲಿಲ್ಲವಲ್ಲ? ಅವರಲ್ಲಿ ಕೆಲವರು ಹಡಗಿನಲ್ಲಿ ಕರಾಚಿಗೆ ಬಂದು, ಅಲ್ಲಿಂದ ವಳಿವಡೆ ಸೇರಿದರು.

ಪಂಚಗಂಗಾ ನದಿಯ ಸೀಮೆಯಲ್ಲಿ ಸಾಲು ಸಾಲು ಬ್ಯಾರಕ್ ಮನೆಗಳೆದ್ದವು. ಚರ್ಚು, ಆಸ್ಪತ್ರೆ, ನಾಟಕ, ಸ್ಕೌಟ್ ದಳ ಎಲ್ಲವೂ ಇತ್ತು. ಎಲ್ಲಕ್ಕಿಂತ ದೊಡ್ಡದು ಶಾಲೆ. ದೇಶ ಕಳೆದುಕೊಂಡ ಮಕ್ಕಳು ಜೋಳ, ಕಬ್ಬು ಬೆಳೆಯುವ ನಾಡಿನಲ್ಲಿ ಕೂತು ತಮ್ಮದೇ ಭಾಷೆಯಲ್ಲಿ ಪಾಠ ಓದಿದರು. ನೆಲ ಹೋದರೂ ನುಡಿ ಹೋಗಬಾರದು ಎಂಬುದು ಆ ತಾಯಂದಿರ ಹಟ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಖಾತೆ ತೆರೆಯುವ ಅರ್ಜಿಯಲ್ಲಿ ‘ಕಾಯಂ ವಿಳಾಸ’ ಎಂಬ ಸಾಲಿರುತ್ತಿತ್ತು. ಯುದ್ಧ ಗೆದ್ದ ಮೇಲೆ ಈ ಜನ ಆ ಸಾಲಿನಲ್ಲಿ ಏನು ಬರೆಯಬೇಕಿತ್ತು? 1945ರ ಯಾಲ್ಟಾ ಮಾತುಕತೆಯಲ್ಲಿ ಮಿತ್ರರೇ ಪೂರ್ವ ಪೋಲೆಂಡನ್ನು ಸೋವಿಯತ್‌ಗೆ ಬಿಟ್ಟುಕೊಟ್ಟರು. ವಳಿವಡೆಯ ಹೆಚ್ಚಿನವರ ಊರುಗಳು ಅಲ್ಲೇ ಇದ್ದವು. ಮಾಚೆಕ್‌ನ ಪೌರತ್ವವನ್ನು ಪೋಲೆಂಡಿನ ಹೊಸ ಸರ್ಕಾರ 1946ರಲ್ಲಿ ಕಿತ್ತುಕೊಂಡಿತು. ಸಾವಿರಾರು ಸೈನಿಕರನ್ನು ನಡೆಸಿದ ಆ ಜನರಲ್ ಎಡಿನ್‌ಬರೊದಲ್ಲಿ ಹೋಟೆಲಿನ ಬಾರಿನಲ್ಲಿ ಕೆಲಸ ಮಾಡಿ ಸಂಸಾರ ಸಾಕಿದ. 1994ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವನಿಗೆ ನೆಲ ಕೊಟ್ಟದ್ದು ಬ್ರೇಡಾ. ತನ್ನ ಸೈನಿಕರ ಪಕ್ಕದಲ್ಲೇ ಮಲಗಿದ್ದಾನೆ.

ವಳಿವಡೆಯವರು ಬ್ರಿಟನ್, ಆಸ್ಟ್ರೇಲಿಯಾ ಮುಂತಾದ ಕಡೆ ಚದುರಿಹೋದರು. ಅವರು ಬಿಟ್ಟ ಜಾಗಕ್ಕೆ, ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡ ಸಿಂಧಿ ಕುಟುಂಬಗಳು ಬಂದವು. ಇಂದು ಅದು ಬಟ್ಟೆ ವ್ಯಾಪಾರಕ್ಕೆ ಹೆಸರಾದ ಗಾಂಧಿನಗರ. ಒಂದೇ ನೆಲ ಎರಡು ಸಲ ನಿರಾಶ್ರಿತರಿಗೆ ಆಸರೆಯಾಯಿತು.

ಉಪಕಾರವನ್ನು ಪೋಲೆಂಡ್ ಮರೆತಿಲ್ಲ. ವಾರ್ಸಾ ನಗರದಲ್ಲಿ ಕೊಲ್ಲಾಪುರದ ಹೆಸರಿನ ಸ್ಮಾರಕವಿದೆ. 2024ರ ಆಗಸ್ಟ್‌ನಲ್ಲಿ ನಮ್ಮ ಪ್ರಧಾನಿ ಅಲ್ಲಿ ಹೂವಿಟ್ಟು ಬಂದರು. ಕೊಲ್ಲಾಪುರದ ಮಹಾವೀರ ಉದ್ಯಾನದಲ್ಲೂ ಒಂದು ನೆನಪಿನ ಕಂಬವಿದೆ.

ಅಜ್ಜ-ಅಜ್ಜಿಯರೇ, ಮುಂದಿನ ಸಲ ದರ್ಶನಕ್ಕೆ ಹೋದಾಗ ಮೊಮ್ಮಕ್ಕಳಿಗೆ ಅದನ್ನೂ ತೋರಿಸಿ. ಮಕ್ಕಳೇ, ನಿಮ್ಮ ತರಗತಿಗೆ ದೂರದ ಊರಿನಿಂದ, ಬೇರೆ ಮಾತಾಡುವ ಹುಡುಗನೋ ಹುಡುಗಿಯೋ ಹೊಸದಾಗಿ ಬಂದರೆ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಡಿ.