ಶಂಖಪುಷ್ಪ: ಹೂವು ದೇವರಿಗೆ, ಬಳ್ಳಿ ಹಸುವಿಗೆ



ಪ್ರತಿ ಬಟವಾಡೆಯಲ್ಲಿ ಪಶು ಆಹಾರದ ಹಣ ಮುರಿದುಕೊಂಡ ಮೇಲೆ ಕೈಗೆ ಎಷ್ಟು ಉಳಿಯುತ್ತದೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ರಾಗಿ ಹುಲ್ಲು ಹಸುವಿನ ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಈ ಕೊರತೆಯನ್ನು ದ್ವಿದಳ ಮೇವು ತುಂಬುತ್ತದೆ. ಅದರ ಬೀಜ ಬೇಕೆಂದಾಗ ಸಿಗುವುದೇ ಕಷ್ಟ. ಆದರೆ ಅಂಥ ಒಂದು ಬಳ್ಳಿ ಎಷ್ಟೋ ಊರುಗಳಲ್ಲಿ ದೇವಸ್ಥಾನದ ಬೇಲಿಯ ಮೇಲೆ ಹೂಬಿಟ್ಟು ನಿಂತಿರುತ್ತದೆ. ಅದೇ ಶಂಖಪುಷ್ಪ. ಗಿರಿಕರ್ಣಿಕೆ ಎಂದರೂ ಇದೇ.

ನೀಲಿ ಅಥವಾ ಬಿಳಿ ಹೂವಿನ ಈ ಬಳ್ಳಿ ಅವರೆ, ಅಲಸಂದೆಗಳ ಬಳಗದ್ದು. ಒಮ್ಮೆ ಬೇರೂರಿದರೆ ಕೆಲವು ವರ್ಷ ಮತ್ತೆ ಮತ್ತೆ ಚಿಗುರುತ್ತದೆ. ಒಣಗಿಸಿದ ಎಲೆಯಲ್ಲಿ ಸುಮಾರು 18ರಿಂದ 20 ಪಾಲು ಪ್ರೋಟೀನ್ ಇರುತ್ತದೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಯೂರಿಯಾ ಬೇಡ, ಕೊಟ್ಟಿಗೆ ಗೊಬ್ಬರ ಸಾಕು.

ನರ್ಸರಿಯ ಸಣ್ಣ ಪೊಟ್ಟಣಗಳನ್ನು ಕೊಂಡು ಬೇಲಿ ತುಂಬಿಸಲು ಆಗುವುದಿಲ್ಲ. ಬಳ್ಳಿ ಯಾರದೋ ಅವರನ್ನು ಕೇಳಿ, ಬಲಿತು ಕಂದು ಬಣ್ಣಕ್ಕೆ ತಿರುಗಿದ 20 ಕಾಯಿ ತನ್ನಿ. ಪೂರ್ತಿ ಒಣಗುವವರೆಗೆ ಬಿಟ್ಟರೆ ಕಾಯಿ ಸಿಡಿದು ಬೀಜ ಚೆಲ್ಲಿಹೋಗುತ್ತದೆ. ಕಾಯಿಗೆ ಎಂಟು ಬೀಜ ಎಂದರೂ 160 ಆಯಿತು. ಅದರಲ್ಲಿ 100 ಉಳಿದರೆ, ಅಡಿಗೊಂದರಂತೆ 100 ಅಡಿ ಬೇಲಿ.

"ಹಾಕಿದ್ದೆ ಸಾರ್, ಹುಟ್ಟಲೇ ಇಲ್ಲ" ಎಂದು ಹಲವರು ಹೇಳುತ್ತಾರೆ. ಇದರ ಬೀಜದ ಸಿಪ್ಪೆ ಬಲು ಗಟ್ಟಿ, ನೀರನ್ನು ಒಳಗೆ ಬಿಡುವುದಿಲ್ಲ. ಬಡಗಿಯವರು ಬಳಸುವ ಉಪ್ಪುಕಾಗದದ ಮೇಲೆ ಬೀಜಗಳನ್ನು ಹಗುರವಾಗಿ ಉಜ್ಜಿ. ಹೊಳಪು ಹೋದರೆ ಸಾಕು, ಒಳಗಿನ ಬೇಳೆಗೆ ಗಾಯವಾಗಬಾರದು. ಆಮೇಲೆ ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ. ಉಬ್ಬದೆ ಉಳಿದವನ್ನು ಇನ್ನೊಮ್ಮೆ ಉಜ್ಜಿ ನೆನೆಸಿ.

ಮುಂಗಾರು ಹಿಡಿದ ಮೇಲೆ, ನೀರು ನಿಲ್ಲದ ಜಾಗದಲ್ಲಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಬೀಜ ಊರಿ. ಮೊದಲ ತಿಂಗಳುಗಳಲ್ಲಿ ಕಳೆ ತೆಗೆಯಿರಿ, ದನ ಬಾಯಿ ಹಾಕದಂತೆ ಕಾಯಿರಿ. ಬಳ್ಳಿ ಚೆನ್ನಾಗಿ ಹಬ್ಬಿದ ಮೇಲೆ ಗೇಣುದ್ದ ಬುಡ ಬಿಟ್ಟು ಕೊಯ್ಯಿರಿ. ನೆಲಕ್ಕೆ ಸವರಿದರೆ ಮತ್ತೆ ಚಿಗುರುವುದು ಕಷ್ಟ.

ಮೇವಾಗಿ ಕೊಡುವಾಗ ಮೂರು ಎಚ್ಚರಿಕೆ:

1. ಮೊದಲ ವಾರ ದಿನಕ್ಕೆ ಒಂದೆರಡು ಹಿಡಿ ಮಾತ್ರ, ಹುಲ್ಲಿನ ಜೊತೆ ಬೆರೆಸಿ ಕೊಡಿ. ರೂಢಿಯಾದ ಮೇಲೂ ಹಸಿರು ಮೇವಿನ ಮೂರನೇ ಒಂದು ಪಾಲು ದಾಟಬಾರದು.

2. ಬಲಿತ ಕಾಯಿ, ಬೀಜ, ಬೇರು ಹಾಕಬೇಡಿ. ಅವು ಭೇದಿ ತರಿಸುತ್ತವೆ.

3. ಬೇಲಿಯಲ್ಲಿ ಗುಲಗಂಜಿ ಬಳ್ಳಿಯೂ ಇರಬಹುದು. ಕೆಂಪು ಮೈಗೆ ಕಪ್ಪು ಚುಕ್ಕೆಯ ಅದರ ಬೀಜ ಕಡು ವಿಷ. ಶಂಖಪುಷ್ಪದ ಒಂದು ಕಡ್ಡಿಗೆ ಐದರಿಂದ ಏಳು ಅಗಲ ಎಲೆಗಳಿರುತ್ತವೆ. ಗುಲಗಂಜಿಯದು ಹುಣಸೆಯಂತೆ ಸಾಲಾದ ಸಣ್ಣ ಎಲೆ.

100 ಅಡಿ ಬೇಲಿ ಒಂದು ಹಸುವಿನ ಮೇವಿಗೂ ಸಾಲುವುದಿಲ್ಲ, ಪಶು ಆಹಾರವನ್ನು ನಿಲ್ಲಿಸುವಂತೆಯೂ ಇಲ್ಲ. ಮೊದಲ ವರ್ಷದ ನಿಜವಾದ ಫಸಲು ಬೀಜವೇ. ಬೇಲಿಯ ಕಾಲು ಭಾಗವನ್ನು ಕೊಯ್ಯದೆ ಬೀಜಕ್ಕೆ ಬಿಡಿ. ಒಣಗಿಸಿ, ಬೂದಿ ಬೆರೆಸಿ, ಡಬ್ಬಿಯಲ್ಲಿಡಿ. ಎರಡನೇ ಮಳೆಗಾಲಕ್ಕೆ ಬದುಗಳ ಮೇಲೂ ಬಿತ್ತುವಷ್ಟು ಬೀಜ ನಿಮ್ಮ ಮನೆಯಲ್ಲೇ ಇರುತ್ತದೆ. ಬದುಗಳೂ ಹಸಿರಾದ ಮೇಲೆ, ಹಾಲಿನ ಪ್ರಮಾಣ ನೋಡಿಕೊಂಡು ಹಿಂಡಿಯನ್ನು ಎಷ್ಟು ಕಡಿಮೆ ಮಾಡಬಹುದೆಂದು ನಿಮ್ಮ ಸಂಘಕ್ಕೆ ಬರುವ ಪಶುವೈದ್ಯರನ್ನು ಕೇಳಿ.

ಡಬ್ಬಿಯಿಂದ ಒಂದು ಹಿಡಿ ಬೀಜ ಪಕ್ಕದ ಮನೆಯವರಿಗೂ ಕೊಡಿ. ಕೊಡುವಾಗ ಉಜ್ಜಿ ನೆನೆಸಲು ಹೇಳುವುದನ್ನು ಮರೆಯಬೇಡಿ.