ಹಲವು ಜಾಲತಾಣ, ಒಂದೇ ಗುರುತು: ಸಂಯುಕ್ತ ಗುರುತು ನಿರ್ವಹಣೆಯಿಂದ ಉದ್ಯಮಗಳಿಗಾಗುವ ಅನುಕೂಲ

ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗಗಳನ್ನು ತಯಾರಿಸಿ ದೊಡ್ಡ ಕಾರ್ಖಾನೆಗಳಿಗೆ ಪೂರೈಸುವ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳೋಣ. ಪ್ರತಿಯೊಬ್ಬ ಖರೀದಿದಾರರಿಗೂ ಪ್ರತ್ಯೇಕ ಜಾಲತಾಣ, ಜೊತೆಗೆ ಜಿ.ಎಸ್.ಟಿ., ಇ-ವೇ ಬಿಲ್, ಬ್ಯಾಂಕು. ಇಷ್ಟಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಎಲ್ಲವೂ ರವಾನೆ ಗುಮಾಸ್ತರ ನೋಟ್‌ಪುಸ್ತಕದಲ್ಲಿ. ಆ ಗುಮಾಸ್ತರು ಕೆಲಸ ಬಿಟ್ಟು ಪ್ರತಿಸ್ಪರ್ಧಿ ಘಟಕವನ್ನು ಸೇರಿದರೆ ಬೀಗದ ಕೈಗಳೂ ಅವರೊಡನೆ ಹೋಗುತ್ತವೆ. ನಮ್ಮ ದರಪಟ್ಟಿ, ಖರೀದಿ ಆದೇಶಗಳು ಪರರ ಕಣ್ಣಿಗೆ ಬೀಳುವುದು ಹೀಗೆಯೇ.

ಫೆಡರೇಟೆಡ್ ಐಡೆಂಟಿಟಿ, ಅರ್ಥಾತ್ ಸಂಯುಕ್ತ ಗುರುತು ಎಂಬ ವ್ಯವಸ್ಥೆಯಲ್ಲಿ ನೌಕರನ ಗುರುತನ್ನು ಪರಿಶೀಲಿಸುವುದು ಆತನ ಸ್ವಂತ ಸಂಸ್ಥೆ ಮಾತ್ರ. ಖರೀದಿದಾರರ ಜಾಲತಾಣವು ಪಾಸ್‌ವರ್ಡ್ ಕೇಳದೆ, ಆ ಸಂಸ್ಥೆಯು ಡಿಜಿಟಲ್ ಸಹಿ ಮಾಡಿ ಕಳುಹಿಸುವ ಅಲ್ಪಾವಧಿಯ ದೃಢೀಕರಣವನ್ನು ನಂಬುತ್ತದೆ. ಪರಿಚಿತ ವರ್ತಕರ ಚೀಟಿ ತಂದವರಿಗೆ ಮಂಡಿಯವರು ಸರಕು ಕೊಟ್ಟಂತೆ. 2005ರ ಸ್ಯಾಮಲ್ 2.0 ಹಾಗೂ 2014ರ ಓಪನ್ ಐಡಿ ಕನೆಕ್ಟ್ ಇದಕ್ಕೆ ಬಳಕೆಯಲ್ಲಿರುವ ಮಾನದಂಡಗಳು.

ಸದಸ್ಯರಿಗೆ ಇದು ಅಪರಿಚಿತವೇನಲ್ಲ. ನೆಟ್ ಬ್ಯಾಂಕಿಂಗ್ ಮೂಲಕ ಆದಾಯ ತೆರಿಗೆ ಜಾಲತಾಣವನ್ನು ಪ್ರವೇಶಿಸುವಾಗ ಬ್ಯಾಂಕು ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ನಮ್ಮ ಬ್ಯಾಂಕಿನ ಪಾಸ್‌ವರ್ಡ್ ತೆರಿಗೆ ಇಲಾಖೆಗೆ ತಿಳಿಯುವುದೇ ಇಲ್ಲ. ಕೇಂದ್ರ ಸರ್ಕಾರವು 2022ರ ಜುಲೈ 4ರಂದು ಆರಂಭಿಸಿದ 'ಮೇರಿ ಪೆಹಚಾನ್' ಕೂಡ ಇದೇ ಬಗೆಯದು.

ನೌಕರರು ಬಿಟ್ಟುಹೋದಾಗ ಒಂದೆಡೆ ಖಾತೆಯನ್ನು ಸ್ಥಗಿತಗೊಳಿಸಿದರೆ, ಸೇರ್ಪಡೆಯಾದ ಯಾವ ಜಾಲತಾಣಕ್ಕೂ ಅವರು ಹೊಸದಾಗಿ ಪ್ರವೇಶಿಸಲಾರರು. ಶ್ರೀನಿವಾಸಪುರದ ಮಾವಿನ ವಹಿವಾಟಿನಂತೆ ಹಂಗಾಮಿಗಷ್ಟೇ ಸಿಬ್ಬಂದಿಯನ್ನು ನೇಮಿಸಿಕೊಳ್ಳುವವರಿಗೆ ಇದೇ ದೊಡ್ಡ ಲಾಭವೆಂದು ನಮ್ಮ ಅಭಿಪ್ರಾಯ. ಪಾಸ್‌ವರ್ಡ್ ಮರೆತು ಪರದಾಡುವುದು ತಪ್ಪುವುದೆಂಬುದು ಆಮೇಲಿನ ಮಾತು.

ಆದರೆ ಒಂದೇ ಕೀಲಿ ಕಳುವಾದರೆ ಎಲ್ಲ ಬಾಗಿಲೂ ತೆರೆದಂತೆಯೇ. ಆದ್ದರಿಂದ ಪಾಸ್‌ವರ್ಡಿನ ಜೊತೆಗೆ ಎರಡನೆಯ ದೃಢೀಕರಣ ಕಡ್ಡಾಯವಾಗಿರಬೇಕು. ಸಣ್ಣ ಘಟಕಗಳು ಇದಕ್ಕಾಗಿ ಸ್ವಂತ ಸರ್ವರ್ ಸ್ಥಾಪಿಸುವ ಗೋಜಿಗೆ ಹೋಗಬೇಕಿಲ್ಲ; ಗೂಗಲ್, ಮೈಕ್ರೋಸಾಫ್ಟ್ ಕಂಪನಿಗಳ ಕಚೇರಿ ಇ-ಮೇಲ್ ಸೇವೆಗಳೊಂದಿಗೆ ಈ ಸೌಲಭ್ಯ ದೊರೆಯುತ್ತದೆ. ತಮ್ಮ ಜಾಲತಾಣ ಇದನ್ನು ಒಪ್ಪುವುದೇ ಎಂದು ಖರೀದಿದಾರರನ್ನು ಮೊದಲು ವಿಚಾರಿಸಿಕೊಳ್ಳುವುದು ಒಳಿತು.

ಇ-ವೇ ಬಿಲ್ಲಿಗೆ ಮಾತ್ರ ಪ್ರತ್ಯೇಕ ಲಾಗಿನ್ ಬೇಕೇ ಬೇಕು. 2025ರ ಏಪ್ರಿಲ್ 1ರಿಂದ ಅಲ್ಲಿ ಎಲ್ಲ ತೆರಿಗೆದಾರರಿಗೂ ಎರಡು ಹಂತದ ದೃಢೀಕರಣ ಕಡ್ಡಾಯ. ಮಾಲೀಕರ ಮೊಬೈಲಿಗೆ ಮಾತ್ರ ಒಟಿಪಿ ಬರುವಂತಿದ್ದರೆ, ಅವರು ನಿದ್ರಿಸುವಾಗ ಮುಳಬಾಗಿಲು ದಾಟಿ ಚಿತ್ತೂರಿಗೆ ಹೊರಡಬೇಕಾದ ಲಾರಿ ಗೋದಾಮಿನಲ್ಲೇ ನಿಲ್ಲುತ್ತದೆ. ರವಾನೆ ನೋಡಿಕೊಳ್ಳುವ ಸಿಬ್ಬಂದಿಗೆ ಅವರದೇ ಮೊಬೈಲ್ ಸಂಖ್ಯೆಯಲ್ಲಿ ಉಪ-ಬಳಕೆದಾರರ ಖಾತೆ ತೆರೆದುಕೊಡಲು, ಕೆಲಸ ಬಿಟ್ಟಾಗ ಅದನ್ನು ಸ್ಥಗಿತಗೊಳಿಸಲು ಅಲ್ಲಿಯೇ ಅವಕಾಶವಿದೆ.